ಕೆಲಸದ ಜೊತೆ ವಾಣಿಜ್ಯ ಕಾನೂನು: ಇಲ್ಲಿನ ಆನ್‌ಲೈನ್ ಡಿಪ್ಲೊಮಾನಾ, ಲಂಡನ್ ಎಲ್‌ಎಲ್‌ಎಂ ಆ?

ನಾನು ಕಾಫಿ ರಫ್ತು ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವನು. ಎಲ್‌ಎಲ್‌ಬಿ ಆಗಿದೆ. ಅಂತರರಾಷ್ಟ್ರೀಯ ವಾಣಿಜ್ಯ ಕಾನೂನು ಓದಬೇಕು, ಕೆಲಸ ಬಿಡೋಕಾಗಲ್ಲ ಅನ್ನುವವರಿಗೆ ನನ್ನ ಉತ್ತರ ಒಂದೇ. ಲಂಡನ್ ವಿಶ್ವವಿದ್ಯಾಲಯದ ದೂರಶಿಕ್ಷಣದ ಎಲ್‌ಎಲ್‌ಎಂ ತಗೊಳ್ಳಿ, ಒಂದೊಂದೇ ಮಾಡ್ಯೂಲ್ ಓದಿ. ಅದಕ್ಕೂ ಮೊದಲು ಇಲ್ಲಿನ ಒಂದು ಖಾಸಗಿ ಸಂಸ್ಥೆಯ ಆನ್‌ಲೈನ್ ಪಿಜಿ ಡಿಪ್ಲೊಮಾ ಮುಗಿಸಿದ್ದೇನೆ, ಹಾಗಾಗಿ ಎರಡೂ ಗೊತ್ತು.

ಡಿಪ್ಲೊಮಾ ಅಗ್ಗ, ಕಂತಿನಲ್ಲಿ ಕಟ್ಟಬಹುದು. ಭಾನುವಾರ ಬೆಳಿಗ್ಗೆ ಕ್ಲಾಸ್. ಅದೆಲ್ಲ ಚೆನ್ನಾಗಿತ್ತು. ನನ್ನನ್ನು ಕಾಡಿದ್ದು ಒಂದೇ, ಹಳೇ ನೋಟ್ಸ್.

ಸರಕಿನ ಖರ್ಚು, ಅಪಾಯ ಮಾರುವವನದಾ ಕೊಳ್ಳುವವನದಾ ಅಂತ ಹೇಳುವ ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳು ಇನ್‌ಕೋಟರ್ಮ್ಸ್; ಅದರ 2020ರ ಆವೃತ್ತಿ ಜಾರಿಗೆ ಬಂದ ಮೇಲೂ ಅವರು ಕೊಟ್ಟಿದ್ದು 2010ರದ್ದು. ಡಿಎಟಿ ಎಂಬ ಷರತ್ತು ಹೋಗಿ ಅದರ ಜಾಗಕ್ಕೆ ಡಿಪಿಯು ಬಂದಿದ್ದನ್ನು ಯಾರು ಬೇಕಾದರೂ ಒಂದು ನಿಮಿಷದಲ್ಲಿ ತಿದ್ದಿಕೊಳ್ಳಬಹುದು, ಬಿಡಿ. ಪೆಟ್ಟು ಬೀಳುವುದು ವಿಮೆಯಲ್ಲಿ. ಸಾಗಣೆ, ವಿಮೆ ಎರಡರ ಖರ್ಚೂ ಮಾರುವವನದೇ ಆದ ಷರತ್ತುಗಳು ಎರಡು, ಸಿಐಎಫ್ (ಹಡಗಿನ ಸಾಗಣೆಗೆ) ಮತ್ತು ಸಿಐಪಿ (ಯಾವ ಸಾಗಣೆಗಾದರೂ); 2010ರ ನಿಯಮದಲ್ಲಿ ಎರಡಕ್ಕೂ ಮಾರುವವನು ಕನಿಷ್ಠ ವಿಮೆ ಮಾಡಿಸಿದರೆ ಸಾಕಿತ್ತು, ಅಂದರೆ ಸಿ ಕವರ್. 2020ರಲ್ಲಿ ಸಿಐಎಫ್ ಹಾಗೇ ಉಳಿಯಿತು. ಸಿಐಪಿಗೆ ಮಾತ್ರ, ಬೇರೆ ಮಾತಾಗಿಲ್ಲದಿದ್ದರೆ, ಎಲ್ಲಕ್ಕಿಂತ ವಿಶಾಲವಾದ ಎ ಕವರ್ ಬೇಕು.

ಇದು ಬರೀ ಪರೀಕ್ಷೆಯ ಪ್ರಶ್ನೆ ಅಲ್ಲ. ಸಿ ಕವರ್ ಇರುವುದು ಬೆಂಕಿ, ಡಿಕ್ಕಿ, ಹಡಗು ಮುಳುಗುವಂಥ ದೊಡ್ಡ ಅನಾಹುತಗಳಿಗೆ. ಮಂಗಳೂರಿನಿಂದ ಹೊರಟ ಕಂಟೇನರ್ ಒಳಗೆ ಸಮುದ್ರದ ನೀರು ಸೇರಿತು, ಚೀಲ ನೆಂದು ಕಾಫಿಗೆ ಬೂಷ್ಟು ಹಿಡಿಯಿತು ಅಂದುಕೊಳ್ಳಿ. ಸಿ ಕವರ್‌ನಲ್ಲಿ ಅದಕ್ಕೆ ಹಣ ಹುಟ್ಟುವುದಿಲ್ಲ. ಈ ನೋಟ್ಸ್ ನಂಬಿ ಸಿಐಪಿ ಕರಾರಿಗೆ ಸಿ ಪಾಲಿಸಿ ಮಾಡಿಸಿದ ರಫ್ತುದಾರ ಕರಾರು ಮುರಿದಂತೆಯೇ ಆಯಿತು. ಕೊಂಡವನು ಆ ನಷ್ಟ ತಂದು ಇವನ ತಲೆಗೇ ಕಟ್ಟುತ್ತಾನೆ, ಅಲ್ವಾ?

ಇಷ್ಟನ್ನೂ ಬಿಡಿಸಿ ಸಂಸ್ಥೆಗೆ ಮೇಲ್ ಹಾಕಿದೆ. ‘ಪರೀಕ್ಷೆಗೆ ನೋಟ್ಸ್‌ನಲ್ಲಿ ಇರುವುದನ್ನೇ ಬರೆಯಿರಿ’ ಅಂತ ಉತ್ತರ ಬಂತು. ದುಡ್ಡು ಕೊಟ್ಟು ಓದಲು ಬಂದವರಿಗೆ, ಅದರಲ್ಲೂ ನಾಳೆ ಆಫೀಸಿನಲ್ಲಿ ಇದನ್ನೇ ಬಳಸುವವರಿಗೆ, ಹೀಗೆ ಹೇಳಬಾರದು. ನನಗೆ ಈಗಲೂ ಬೇಜಾರಿದೆ.

ಲಂಡನ್ನಿನದು ಬೇರೆಯೇ ರೀತಿ. ತಿದ್ದಿ ತೀಡಲು ಮೇಷ್ಟ್ರು ಪಕ್ಕದಲ್ಲಿ ಇರುವುದಿಲ್ಲ. ಆದರೆ ಆನ್‌ಲೈನ್ ಗ್ರಂಥಾಲಯ ಇದೆ. ಅನುಮಾನ ಬಂದರೆ ಮೂಲ ಕಾಯ್ದೆ, ತೀರ್ಪು ನಾವೇ ತೆರೆದು ನೋಡಬಹುದು. ಇಂಗ್ಲಿಷ್ ಕಾನೂನು ನಮಗೇಕೆ ಅಂತ ಕೆಲವರು ಕೇಳುತ್ತಾರೆ. ನಮ್ಮ 1963ರ ಸಾಗರ ವಿಮೆ ಕಾಯ್ದೆಯನ್ನು ಅವರ 1906ರ ಕಾಯ್ದೆಯ ಪಕ್ಕ ಇಟ್ಟು ಓದಿ. ಎಷ್ಟೋ ಸೆಕ್ಷನ್‌ಗಳು ಹೆಚ್ಚುಕಡಿಮೆ ಅವೇ ಮಾತುಗಳಲ್ಲಿವೆ. 1930ರ ಸರಕು ಮಾರಾಟ ಕಾಯ್ದೆಯ ಬೇರೂ ಅಲ್ಲೇ ಇದೆ.

ಐದು ಮಾಡ್ಯೂಲ್ ಮುಗಿಸಿದರೆ ಸರ್ಟಿಫಿಕೇಟ್, ಹತ್ತಕ್ಕೆ ಡಿಪ್ಲೊಮಾ, ಹದಿನಾರಕ್ಕೆ ಎಲ್‌ಎಲ್‌ಎಂ. ಸಂಬಳದಲ್ಲಿ ಉಳಿದಷ್ಟಕ್ಕೆ ತಕ್ಕಂತೆ ಓದಬಹುದು. ಮೊದಲು ನನ್ನನ್ನು ಎಳೆದಿದ್ದು ಇದೇ.

ಶುಲ್ಕ ಪೌಂಡಿನಲ್ಲಿ. ಒಟ್ಟು ಲೆಕ್ಕ ಹಾಕಿದರೆ ಇಲ್ಲಿನ ಡಿಪ್ಲೊಮಾಗಿಂತ ಬಹಳ ಜಾಸ್ತಿ. ರೂಪಾಯಿ ಕುಸಿದಾಗ ಇನ್ನೂ ನೋವು.

ದೇಶ ದೇಶಗಳ ನಡುವಿನ ಸರಕು ಮಾರಾಟಕ್ಕೆ ನಿಯಮ ಹೇಳುವ 1980ರ ವಿಯೆನ್ನಾ ಮಾರಾಟ ಒಪ್ಪಂದಕ್ಕೆ ಭಾರತವೂ ಸೇರಿಲ್ಲ, ಬ್ರಿಟನ್ನೂ ಸೇರಿಲ್ಲ. ಆದರೂ ಓದಲೇಬೇಕು, ಏಕೆಂದರೆ ಕರಾರಿನಲ್ಲಿ ಇಟಲಿಯ ಕಾನೂನು ಅಂತ ಬರೆದರೆ ಸಾಮಾನ್ಯವಾಗಿ ಅದೂ ಹಿಂದೆಯೇ ಬರುತ್ತದೆ. ಇದರ ಪಠ್ಯ, ವಿವಿಧ ದೇಶಗಳ ತೀರ್ಪುಗಳ ಸಾರ ಎಲ್ಲ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್‌ಸಿಟ್ರಾಲ್ ತಾಣದಲ್ಲಿ ಪುಕ್ಕಟೆ. ಅದೊಂದಕ್ಕೇ ಅಂತ ಯಾವ ಕೋರ್ಸಿಗೂ ಸುಮ್ನೆ ದುಡ್ಡು ಸುರಿಯಬೇಡಿ.

ನನಗೆ ಬೆಳಗಿನ ಜಾವ ಒಬ್ಬನೇ ಕೂತು ಓದುವ ಅಭ್ಯಾಸ. ಗಡಿಯಾರ ನೋಡಿ ಕ್ಲಾಸಿಗೆ ಕೂರುವುದು ಒಗ್ಗುವುದಿಲ್ಲ. ಅದಕ್ಕೇ ಲಂಡನ್ ನನಗೆ ಹೊಂದಿತು. ಯಾರಾದರೂ ಹೇಳಿಕೊಟ್ಟರೇನೇ ತಲೆಗೆ ಹೋಗುವುದು ಅನ್ನುವವರು ಇಲ್ಲಿನ ಡಿಪ್ಲೊಮಾ ಕಡೆ ನೋಡಿ. ಕಟ್ಟುವ ಮೊದಲು ಒಂದು ಅಧ್ಯಾಯದ ನೋಟ್ಸ್ ತರಿಸಿ, ಸಿಐಪಿ ವಿಮೆ ಬಗ್ಗೆ ಏನಿದೆ ನೋಡಿ. ಲಾ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತಿದ್ದರೆ ಇವೆರಡೂ ಬೇಡ. ಸಿಎಲ್‌ಎಟಿ ಪಿಜಿ ಪ್ರವೇಶ ಪರೀಕ್ಷೆ ಬರೆದು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಂಥ ಕಡೆ ರೆಗ್ಯುಲರ್ ಎಲ್‌ಎಲ್‌ಎಂ ಮಾಡಿ.