ಪಂಚಾಯಿತಿಗೆ ನಿಲ್ಲಬೇಕೆನ್ನುವ ಹುಡುಗಿಯರಿಗೆ ಎರಡು ದಿನದ ತರಬೇತಿ: ಹೋಗಿಬಂದವಳ ಅನಿಸಿಕೆ

ನನ್ನ ತಂಗಿಗೆ 23 ವರ್ಷ. ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕು ಅಂತ ಅವಳಿಗೆ ಆಸೆ. ಹಾಗಾಗಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಯುವತಿಯರಿಗಾಗಿ ನಡೆದ ತರಬೇತಿಗೆ ಇಬ್ಬರೂ ಹೋಗಿದ್ದೆವು. ಫೀಸು 300 ರೂಪಾಯಿ, ಊಟ ತಿಂಡಿ ಸೇರಿ. ಒಂದೆರಡು ದೂರು ಇರುವುದರಿಂದ ನಡೆಸಿದವರ ಹೆಸರು ಹಾಕುತ್ತಿಲ್ಲ.

ಮೊದಲ ದಿನ ಬೆಳಗ್ಗೆ ಪೂರ್ತಿ ದಂಡ. ದೀಪ ಹಚ್ಚಿದ್ದಾಯಿತು, ಶಾಲು ಹೊದಿಸಿದ್ದಾಯಿತು, ವೇದಿಕೆ ಮೇಲಿದ್ದ ಗಂಡಸರು ಒಬ್ಬರಾದ ಮೇಲೆ ಒಬ್ಬರು ಎದ್ದು ಕಿತ್ತೂರು ಚೆನ್ನಮ್ಮನನ್ನು ನೆನೆಸಿಕೊಂಡು ಹೆಣ್ಣುಮಕ್ಕಳು ಧೈರ್ಯ ಮಾಡಬೇಕು ಅಂತ ಹೇಳಿ ಕೂರುವಷ್ಟರಲ್ಲಿ ಹನ್ನೆರಡೂವರೆ. ಅಲ್ಲಿಗೆ ಬಂದ ಎಷ್ಟೋ ಹುಡುಗಿಯರು ಮನೆಯಲ್ಲಿ ಜಗಳ ಮಾಡಿಕೊಂಡೇ ಬಂದಿದ್ದರು. ಅವರಿಗೆ ಇನ್ಯಾವ ಧೈರ್ಯ ಹೇಳಬೇಕು?

ಊಟ ಆದ ಮೇಲೆ ನಿಜವಾದ ಪಾಠ ಶುರುವಾಯಿತು. ಎಲ್ಲರ ಕೈಗೂ ಖಾಲಿ ನಾಮಪತ್ರ ಕೊಟ್ಟರು. ನಿವೃತ್ತ ತಹಶೀಲ್ದಾರರೊಬ್ಬರು ಚುನಾವಣಾಧಿಕಾರಿ ಥರ ಮೇಜು ಹಾಕಿಕೊಂಡು ಕೂತು ಒಂದೊಂದನ್ನೇ ಪರಿಶೀಲಿಸಿದರು. ತಂಗಿಯದು ತಿರಸ್ಕೃತ. ಘೋಷಣೆಯ ಕೆಳಗೆ ಸಹಿ ಇರಲಿಲ್ಲ. ಪಕ್ಕದ ಹುಡುಗಿ ಸೂಚಕರ (ಅಭ್ಯರ್ಥಿಯ ಹೆಸರು ಸೂಚಿಸುವ ಅದೇ ವಾರ್ಡಿನ ಮತದಾರರ) ಜಾಗದಲ್ಲಿ ಬೇರೆ ವಾರ್ಡಿನ ಚಿಕ್ಕಪ್ಪನ ಹೆಸರು ಬರೆದಿದ್ದಳು, ಅದೂ ಹೋಯಿತು. ಮೂರನೇ ಸಲಕ್ಕೆ ಇಬ್ಬರದೂ ಪಾಸಾಯಿತು. ಈ ಎರಡು ಗಂಟೆಗೇ 300 ರೂಪಾಯಿ ಸಾರ್ಥಕ ಅನ್ನಿಸಿತು ನನಗೆ.

ಎರಡನೇ ದಿನ ಅಣಕು ಗ್ರಾಮ ಸಭೆ. ಒಬ್ಬಳು ಸದಸ್ಯೆ, ತರಬೇತಿ ಕೊಡುವವರೊಬ್ಬರು ಅವಳ ಗಂಡ. ಊರವರು ನೀರಿನ ವಿಷಯ ಎತ್ತಿದ ಕೂಡಲೇ ಆ 'ಗಂಡ' ಎದ್ದು ಉತ್ತರ ಕೊಡಲು ಹೊರಡುತ್ತಾರೆ. ಅವರನ್ನು ಕೂರಿಸಿ ಅವಳೇ ಮಾತಾಡಬೇಕು. ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗಿ ಎರಡು ಸಲ ಸುಮ್ನೆ ನಿಂತುಬಿಟ್ಟಳು. ಮೂರನೇ ಸಲ ಮೈಕು ಹತ್ತಿರಕ್ಕೆ ಎಳೆದುಕೊಂಡು, "ನೀವು ಕೂತ್ಕೊಳ್ಳಿ, ಜನ ಓಟು ಹಾಕಿರೋದು ನನಗೆ" ಅಂದಳು. ನನ್ನ ಕಣ್ಣು ಒದ್ದೆಯಾಯಿತು. ಪ್ರತಿ ಊರಲ್ಲೂ ನಡೆಯುವುದು ಇದೇ ಅಲ್ವಾ?

ಆಮೇಲೆ ಒಂದು ಪಂಚಾಯಿತಿಯ ಕ್ರಿಯಾ ಯೋಜನೆ, ಅಂದರೆ ವರ್ಷದ ಕೆಲಸ-ಖರ್ಚಿನ ಪಟ್ಟಿ, ಓದಿಸಿದರು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ, ಅಂದರೆ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ ಹಣದಲ್ಲಿ, ಶೇಕಡಾ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಇತ್ತು. ಇಂಥದ್ದು ಗೊತ್ತಿದ್ದರೆ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ.

1987ರ ಮಂಡಲ ಪಂಚಾಯಿತಿ (ಈಗಿನ ಗ್ರಾಮ ಪಂಚಾಯಿತಿಗೆ ಮೊದಲು ಇದ್ದದ್ದು) ಚುನಾವಣೆಯಲ್ಲಿ ಗೆದ್ದಿದ್ದ ಅಜ್ಜಿಯೊಬ್ಬರೂ ಬಂದಿದ್ದರು. ಆಗ ಕರ್ನಾಟಕದಲ್ಲಿ ಹೆಂಗಸರಿಗೆ ಶೇಕಡಾ 25 ಮೀಸಲು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಬಂದದ್ದು 1993ರಲ್ಲಿ, ನಮ್ಮ ರಾಜ್ಯದಲ್ಲಿ ಅದು ಅರ್ಧಕ್ಕೆ ಏರಿದ್ದು 2010ರಲ್ಲಿ. ಆದರೆ 2023ರಲ್ಲಿ ವಿಧಾನಸಭೆಯ 224 ಸೀಟಿನಲ್ಲಿ ಗೆದ್ದ ಹೆಂಗಸರು 10 ಜನ! ಪಂಚಾಯಿತಿಗೆ 21 ವರ್ಷ ತುಂಬಿದ್ದರೆ ಸಾಕು, ವಿಧಾನಸಭೆಗೆ 25. ಈ ನಾಲ್ಕು ವರ್ಷದಲ್ಲಿ ಹುಡುಗಿಗೆ ಮದುವೆ ಮಾಡಿ ಬೇರೆ ಊರಿಗೆ ಕಳಿಸುತ್ತಾರೆ, ಅವಳು ಕಟ್ಟಿಕೊಂಡ ಜನ ಇಲ್ಲೇ ಉಳಿಯುತ್ತಾರೆ ಅಂತ ಅಜ್ಜಿ ಹೇಳಿದರು. ಇದನ್ನು ಬೇರೆ ಯಾರೂ ಹೇಳಲಿಲ್ಲ. ಅವರಿಗೆ ಕೊಟ್ಟದ್ದು ಬರೀ ಇಪ್ಪತ್ತು ನಿಮಿಷ. ನನಗಂತೂ ಬೇಜಾರಾಯಿತು.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಒಬ್ಬಳು ಎದ್ದು, "ಮೇಡಂ, ಖರ್ಚಿಗೆ ಎಷ್ಟು ಬೇಕಾಗುತ್ತೆ?" ಅಂತ ಕೇಳಿದಳು. ಪ್ರಾಮಾಣಿಕವಾಗಿದ್ದರೆ ದುಡ್ಡು ಬೇಡ ಅಂತ ಹೇಳಿ ಮುಂದಿನ ವಿಷಯಕ್ಕೆ ಹೋದರು. ಪಾಂಪ್ಲೆಟ್, ಆಟೋ, ಜೊತೆಗೆ ಓಡಾಡುವವರ ಊಟ ಇವೆಲ್ಲ ಯಾರ ಕೈಯಿಂದ ಬರಬೇಕು? ಅಪ್ಪನನ್ನೋ ಗಂಡನನ್ನೋ ಕೇಳಿದರೆ ನಾಳೆ ಕುರ್ಚಿಯೂ ಅವರದೇ ಆಗುತ್ತದೆ. ಇದರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕಿತ್ತು.

ಎರಡು ದಿನವೂ ಐದಕ್ಕೆ ಮುಗಿಸುತ್ತೇವೆ ಅಂದವರು ಏಳು ಮಾಡಿದರು. ಕೊನೆಯ ಬಸ್ಸು ಆರೂವರೆಗೆ. ಐದಾರು ಹುಡುಗಿಯರು ಮಧ್ಯದಲ್ಲೇ ಎದ್ದು ಹೋದರು. ಎರಡನೇ ದಿನ ಬಾರದೇ ಇದ್ದವರೂ ಅವರೇ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಹೋಗುವವರು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟದ ಜೆರಾಕ್ಸ್ ತೆಗೆದುಕೊಂಡು ಹೋಗಿ. ಅಲ್ಲಿ ಅರ್ಧ ಜನ ತಂದಿರಲಿಲ್ಲ, ಇಬ್ಬರ ಹೆಸರು ಪಟ್ಟಿಯಲ್ಲೇ ಇರಲಿಲ್ಲ ಅಂತ ಅಲ್ಲೇ ಗೊತ್ತಾಯಿತು.