ಜಿಗಿತ ಹಳೆಯದು, ನೆಲ ಹೊಸದು: ಸೂಪರ್ ಮಾರಿಯೋ ಬ್ರದರ್ಸ್ ವಂಡರ್, ದೀರ್ಘಕಾಲ ಆಡಿದ ಮೇಲೆ

ಹೆಸರಾಂತ ಆಟವೊಂದರ ಮುಂದಿನ ಭಾಗ ಕೈಗೆ ಬಂದಾಗ ನಾನು ಮೊದಲು ಪರೀಕ್ಷಿಸುವುದು ಒಂದನ್ನೇ: ಹಳೆಯ ಆಟ ಬೆರಳುಗಳಿಗೆ ಕಲಿಸಿದ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ? ಬರುವುದಾದರೆ ಉಳಿದದ್ದನ್ನೆಲ್ಲ ಎಷ್ಟು ಬೇಕಾದರೂ ಬದಲಾಯಿಸಲಿ, ನನ್ನ ತಕರಾರಿಲ್ಲ. 2023ರ ಅಕ್ಟೋಬರ್ 20ರಂದು ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ ಬಿಡುಗಡೆಯಾದ ‘ಸೂಪರ್ ಮಾರಿಯೋ ಬ್ರದರ್ಸ್ ವಂಡರ್’ ಈ ಪರೀಕ್ಷೆಯಲ್ಲಿ ಗೆದ್ದಿದೆ. ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬಂದರೂ ಅದು ಕಪಾಟು ಸೇರಿಲ್ಲ. ಆದರೆ ಅದು ಉಳಿದುಕೊಂಡ ಕಾರಣ ಎಲ್ಲರೂ ಹೊಗಳುವ ಕಾರಣವಲ್ಲ.

ನಮ್ಮ ಕಡೆಯ ಅನೇಕ ಮನೆಗಳಿಗೆ ಮಾರಿಯೋ ಬಂದದ್ದು ಗಲ್ಫ್ ಪೆಟ್ಟಿಗೆಯಲ್ಲಿ. ಕಂಪನಿಯ ಹೆಸರಿಲ್ಲದ ಟಿವಿ ಗೇಮ್, ಮೇಲೊಂದು ಹಳದಿ ಕ್ಯಾಸೆಟ್, ಅದರಲ್ಲಿ ನೂರಾರು ಆಟಗಳಿವೆ ಎಂಬ ಚೀಟಿ. ಹುಡುಕಿದರೆ ಸಿಗುತ್ತಿದ್ದದ್ದು ಮಾರಿಯೋ, ಕಾಂಟ್ರಾ ಮತ್ತು ಅವುಗಳದೇ ಬಣ್ಣ ಬದಲಿಸಿದ ನಕಲುಗಳು. ಗೂಂಬಾ ಎಂಬ ಅಣಬೆಯಂಥ ಮೊದಲ ಶತ್ರುವಿನ ತಲೆಯ ಮೇಲೆ ಹಾರುವುದನ್ನು, ಓಡುವ ಬಟನ್ ಒತ್ತಿ ಹಿಡಿದರೆ ಜಿಗಿತ ಉದ್ದವಾಗುವುದನ್ನು ನಾವು ಯಾವ ಪುಸ್ತಕವನ್ನೂ ಓದದೆ ಕಲಿತೆವು. 1985ರ ಆ ಆಟದ ಗುಣವೇ ಅದು. ಈಗ ಭಾವ ಶಾರ್ಜಾದಿಂದ ತಂದ ಸ್ವಿಚ್‌ನಲ್ಲಿ ಅಕ್ಕನ ಮಕ್ಕಳು ಆಡುವಾಗ, ಕಂಟ್ರೋಲರ್ ಕೈಗೆ ಬಂದೊಡನೆ ನನ್ನ ಹೆಬ್ಬೆರಳು ಅದೇ ಲೆಕ್ಕದಲ್ಲಿ ಒತ್ತುತ್ತದೆ, ಮಾರಿಯೋ ಅದೇ ದೂರಕ್ಕೆ ಹಾರಿದಂತೆ ಅನಿಸುತ್ತದೆ. ಇಷ್ಟು ವರ್ಷಗಳ ನಂತರವೂ ಆ ಲೆಕ್ಕ ತಪ್ಪದಿರುವುದು ನನಗೆ ದೊಡ್ಡ ಸಂಗತಿ.

ಪುನರಾವರ್ತನೆಯೋ ಹೊಸತನವೋ ಎಂಬ ಜಗಳ ಈ ಸರಣಿಯ ಎರಡನೆಯ ಆಟದಲ್ಲಿಯೇ ಶುರುವಾಗಿತ್ತು. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೆಯ ಭಾಗ ಮೊದಲನೆಯದರ ಪಡಿಯಚ್ಚು. ವಿಷದ ಅಣಬೆ, ಹಿಂದಕ್ಕೆ ಕಳುಹಿಸುವ ದಾರಿಗಳು, ಹಾರುವವನನ್ನು ತಳ್ಳುವ ಗಾಳಿ, ಹೀಗೆ ಕಷ್ಟ ಮಾತ್ರ ಹೆಚ್ಚಿತ್ತು. ಅದನ್ನು ಆಗ ಅಮೆರಿಕಕ್ಕೆ ಕಳುಹಿಸಲಿಲ್ಲ. ಬದಲಿಗೆ ‘ಡೋಕಿ ಡೋಕಿ ಪ್ಯಾನಿಕ್’ ಎಂಬ ಬೇರೆಯೇ ಆಟದ ಪಾತ್ರಗಳನ್ನು ತೆಗೆದು ಮಾರಿಯೋ ಬಳಗವನ್ನು ಕೂರಿಸಿ, 1988ರಲ್ಲಿ ಅಲ್ಲಿ ಎರಡನೆಯ ಭಾಗವೆಂದು ಮಾರಿದರು. ಅದರಲ್ಲಿ ಶತ್ರುವಿನ ತಲೆಯ ಮೇಲೆ ಹಾರಿದರೆ ಅವನು ಸಾಯುವುದಿಲ್ಲ. ನೆಲದಿಂದ ತರಕಾರಿ ಕಿತ್ತು ಎಸೆಯಬೇಕು! ಅಷ್ಟು ದೂರ ಹೋದ ಆಟದಿಂದಲೂ ಬಾಬ್-ಆಂಬ್, ಶೈ ಗೈ ಎಂಬ ಶತ್ರುಗಳು, ಗಾಳಿಯಲ್ಲಿ ತೇಲುವ ಪೀಚ್ ರಾಜಕುಮಾರಿ ಸರಣಿಯಲ್ಲಿ ಶಾಶ್ವತವಾಗಿ ನೆಲೆಯಾದರು. ಪಡಿಯಚ್ಚಿನಂತಿದ್ದ ಭಾಗದಿಂದ ಅಷ್ಟು ಉಳಿಯಲಿಲ್ಲ. ಅದೇ 1988ರಲ್ಲಿ ಜಪಾನಿನಲ್ಲಿ ಬಂದ ಮೂರನೆಯ ಭಾಗ ಹಳೆಯ ಜಿಗಿತವನ್ನು ಹಾಗೆಯೇ ಇಟ್ಟುಕೊಂಡು, ಅದಕ್ಕೆ ನಕ್ಷೆಯನ್ನೂ ರಕೂನ್ ಬಾಲದ ಹಾರಾಟವನ್ನೂ ಸೇರಿಸಿತು. ಇಂದಿಗೂ ಅದನ್ನೇ ಮಾದರಿಯೆಂದು ಹೇಳುವವರಲ್ಲಿ ನಾನೂ ಒಬ್ಬ.

‘ನ್ಯೂ’ ಎಂಬ ಹೆಸರು ಹೊತ್ತು 2006ರಿಂದ ಬಂದ ಆಟಗಳು ಈ ಪಾಠವನ್ನು ಮರೆತವು. ಮೊದಲನೆಯದು ಚೆನ್ನಾಗಿಯೇ ಇತ್ತು. ಆಮೇಲೆ ಪ್ರತಿ ಸಲವೂ ಹುಲ್ಲುಗಾವಲು, ಮರುಭೂಮಿ, ಮಂಜು, ಕೊನೆಗೆ ಲಾವಾ. ಹಿನ್ನೆಲೆಯಲ್ಲಿ ಅದೇ ‘ವಾ ವಾ’ ರಾಗ. 2012ರಲ್ಲಿಯಂತೂ ಒಂದೇ ವರ್ಷದಲ್ಲಿ ಎರಡು ಬಂದವು. ಆಟ ಕೆಟ್ಟದೆಂದು ಹೇಳಲಾಗದು, ಆದರೆ ಮುಂದಿನ ಹಂತದಲ್ಲಿ ಏನಿರಬಹುದು ಎಂಬ ಕುತೂಹಲವೇ ಸತ್ತುಹೋಯಿತು. ಅದಾದ ಮೇಲೆ ಹೊಸದೊಂದು ಪಕ್ಕನೋಟದ ಮಾರಿಯೋ ಬರಲು 11 ವರ್ಷ ಹಿಡಿಯಿತು.

ಆ ಕುತೂಹಲವನ್ನು ವಂಡರ್ ಮರಳಿ ತಂದಿತು. ಹೆಚ್ಚಿನ ಹಂತಗಳಲ್ಲಿ ಎಲ್ಲೋ ಒಂದು ವಂಡರ್ ಹೂವು ಇರುತ್ತದೆ. ಅದನ್ನು ಮುಟ್ಟಿದರೆ ಆ ಹಂತದ ನಿಯಮವೇ ತಲೆಕೆಳಗಾಗುತ್ತದೆ. ಮೊದಲ ಲೋಕದಲ್ಲಿಯೇ ಕಚ್ಚುವ ಪಿರಾನಾ ಗಿಡಗಳು ಕೊಳವೆಗಳಿಂದ ಹೊರಬಂದು ಹಾಡುತ್ತ ಮೆರವಣಿಗೆ ಹೊರಡುತ್ತವೆ. ಇನ್ನೊಂದೆಡೆ ಕೊಳವೆಯೇ ಹುಳುವಿನಂತೆ ತೆವಳುತ್ತದೆ. ಮತ್ತೊಂದೆಡೆ ನಾವೇ ಗೂಂಬಾ ಆಗುತ್ತೇವೆ. ಹಾರಲು ಬಾರದ ಗೂಂಬಾ, ಅಡಗಿಕೊಂಡು ದಾಟಬೇಕು. ಅಕ್ಕನ ಮಗಳು ಇದನ್ನು ನೋಡಿ “ಮಾವಾ, ಈಗ ನಮ್ಮನ್ನು ಮೆಟ್ಟುವವರು ಯಾರು?” ಎಂದು ನಿಜವಾದ ಗಾಬರಿಯಿಂದ ಕೇಳಿದಳು.

ದೀರ್ಘಕಾಲದ ಬಳಕೆದಾರನಾಗಿ ಹೇಳಬೇಕಾದ ಮಾತು ಇಲ್ಲಿದೆ. ಈ ಹೂವಿನ ಬೆರಗು ಎರಡನೆಯ ಸಲಕ್ಕೆ ಅರ್ಧವಾಗುತ್ತದೆ, ಮೂರನೆಯ ಸಲಕ್ಕೆ ಅದು ಬರಿಯ ಒಂದು ಘಟ್ಟ. ಮೆರವಣಿಗೆ ಹೊರಡುವುದು ಗೊತ್ತಿದ್ದರೆ ಮೆರವಣಿಗೆ ಮುಗಿಯಲಿ ಎಂದು ಕಾಯುತ್ತೇವೆ. ಬಿಡುಗಡೆಯಾದ ವಾರದಲ್ಲಿ ಬರೆದ ವಿಮರ್ಶೆಗಳಿಗೆ ಇದನ್ನು ಕಾಣಲು ಸಮಯವೇ ಇರಲಿಲ್ಲ. ಹಾಗಾದರೆ ಮತ್ತೆ ಮತ್ತೆ ಆಡಿಸುವುದು ಯಾವುದು? ಬ್ಯಾಡ್ಜ್‌ಗಳು. ಒಂದು ಸಲಕ್ಕೆ ಒಂದೇ ಬ್ಯಾಡ್ಜ್ ತೊಡಬಹುದು: ಟೋಪಿಯನ್ನು ಕೊಡೆಯಂತೆ ಹಿಡಿದು ತೇಲುವುದು, ಗೋಡೆಗೆ ಒದ್ದು ನೇರ ಮೇಲೇರುವುದು, ಬಳ್ಳಿ ಎಸೆದು ಗೋಡೆಗೆ ಅಂಟಿಕೊಳ್ಳುವುದು. ಹಳೆಯ ಜಿಗಿತಕ್ಕೆ ಒಂದೇ ಒಂದು ತಿರುವು, ಅದರಿಂದ ಪರಿಚಿತ ಹಂತಕ್ಕೆ ಬೇರೆ ದಾರಿ. ಆನೆಯ ರೂಪವೂ ಹೀಗೆಯೇ. ಸೊಂಡಿಲಿನಿಂದ ಇಟ್ಟಿಗೆ ಒಡೆಯುವುದು, ನೀರು ತುಂಬಿಕೊಂಡು ಬಾಡಿದ ಹೂಗಳಿಗೆ ಎರಚುವುದು ಇಂದಿಗೂ ಹಿತ.

ಈ ವ್ಯತ್ಯಾಸ ನಮ್ಮೂರಿನವರಿಗೆ ಹೊಸದಲ್ಲ. ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಇಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಪ್ರಸಂಗ, ನಡೆಯುತ್ತದೆ. ಪದ್ಯ ಎಲ್ಲರಿಗೂ ಗೊತ್ತು, ಸೋಲುವವನು ಯಾರೆಂಬುದೂ ಗೊತ್ತು. ಆದರೂ ಜನ ಕೂರುವುದು ಅದೇ ಪದ್ಯಕ್ಕೆ ಇವತ್ತಿನ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ಏನು ಅರ್ಥ ಹೇಳುತ್ತಾನೆ ಎಂದು ಕೇಳಲು. ಪದ್ಯವನ್ನೇ ಬಿಟ್ಟವನನ್ನು ಸಭೆ ಒಪ್ಪುವುದಿಲ್ಲ, ಕಳೆದ ವರ್ಷದ ಅರ್ಥವನ್ನೇ ಒಪ್ಪಿಸಿದವನನ್ನೂ ಒಪ್ಪುವುದಿಲ್ಲ. ಬ್ಯಾಡ್ಜ್ ಅರ್ಥಗಾರಿಕೆಯಂತೆ ಬೆಳೆಯುತ್ತದೆ. ವಂಡರ್ ಹೂವು ಒಮ್ಮೆ ಕೇಳಿ ಮುಗಿಯುತ್ತದೆ.

ಇನ್ನೊಂದು ಬದಲಾವಣೆಯನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ, ನಮ್ಮ ಮನೆಗೆ ಅದೇ ದೊಡ್ಡದು. 2009ರಲ್ಲಿ ನಿಂಟೆಂಡೊದ ವೀ ಯಂತ್ರಕ್ಕೆ ಬಂದ ‘ನ್ಯೂ’ ಆಟದಲ್ಲಿ ನಾಲ್ವರು ಆಡಿದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು, ಎತ್ತಿ ಎಸೆಯಲೂ ಬಹುದಿತ್ತು. ಇಲ್ಲಿ ಒಬ್ಬರ ಮೂಲಕ ಒಬ್ಬರು ಹಾದುಹೋಗುತ್ತಾರೆ. ಸಮಯದ ಗಡಿಯಾರವನ್ನೂ ತೆಗೆದಿದ್ದಾರೆ. ಯೋಶಿ ಮತ್ತು ನ್ಯಾಬಿಟ್ ಪಾತ್ರಗಳಿಗೆ ಶತ್ರು ತಾಗಿದರೂ ಪೆಟ್ಟಿಲ್ಲ. ಟಿವಿ ಗೇಮ್ ಎಂದರೆ ದೂರ ಸರಿಯುತ್ತಿದ್ದ ಅಕ್ಕ ಈಗ ನೇರಳೆ ಬಣ್ಣದ ನ್ಯಾಬಿಟ್ ಹಿಡಿದು ಮಕ್ಕಳ ಜೊತೆ ಕೊನೆಯ ಲೋಕದವರೆಗೂ ಹೋಗಿದ್ದಾಳೆ. ಜಿಗಿತವನ್ನು ಕೆಡಿಸದೆ ಹೊಸಬರಿಗೆ ಬಾಗಿಲು ತೆರೆದ ಈ ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಪೂರ್ತಿ ಪುನರಾವರ್ತನೆ ಯಾವಾಗಲೂ ಸೋಮಾರಿತನ ಎಂದು ನಾನು ಒಪ್ಪುವುದಿಲ್ಲ. ಬೇರೆ ಸರಣಿಗಳನ್ನು ನೋಡಿ: 2008ರ ‘ಮೆಗಾ ಮ್ಯಾನ್ 9’ ಬೇಕೆಂದೇ ಎಂಬತ್ತರ ದಶಕದ 8-ಬಿಟ್ ರೂಪಕ್ಕೆ ಮರಳಿತು, ನಡುವೆ ಸೇರಿದ್ದ ಜಾರುವ ಚಲನೆಯನ್ನೂ ಕೈಬಿಟ್ಟಿತು. 2017ರ ‘ಸೋನಿಕ್ ಮೇನಿಯಾ’ ಬಹುಪಾಲು ಹಳೆಯ ವಲಯಗಳನ್ನೇ ತೆಗೆದುಕೊಂಡು ಅವುಗಳ ಎರಡನೆಯ ಭಾಗವನ್ನು ಹೊಸದಾಗಿ ಕಟ್ಟಿತು. ಎರಡೂ ಒಳ್ಳೆಯ ಆಟಗಳು. ವರ್ಷಗಟ್ಟಲೆ ದಾರಿ ತಪ್ಪಿದ್ದ ಸರಣಿಗೆ ಮನೆಗೆ ಮರಳುವುದೇ ಹೊಸತನ. ಮನೆ ಬಿಟ್ಟು ಹೊರಡದ ಸರಣಿಗೆ ಆ ಸಮರ್ಥನೆ ಇಲ್ಲ.

ಕೊರತೆಗಳೂ ಇವೆ. ಖಳನಾಯಕನ ಮಗ ಬೌಸರ್ ಜೂನಿಯರ್ ಜೊತೆಗಿನ ಕಾಳಗ ಸಣ್ಣ ವ್ಯತ್ಯಾಸಗಳೊಂದಿಗೆ ಮತ್ತೆ ಮತ್ತೆ ಬರುತ್ತದೆ; ಇಷ್ಟು ಕಲ್ಪನೆಯಿರುವ ಆಟದಲ್ಲಿ ಅದು ಕಣ್ಣಿಗೆ ಕುಕ್ಕುತ್ತದೆ. ಹಡಗಿನ ಹಂತಗಳ ಕೊನೆಯಲ್ಲಿ ಕಾಳಗವೆಂಬುದೇ ಇಲ್ಲ. ಹಲವರು ಆಡುವಾಗ ಪರದೆ ಕಿರೀಟವಿದ್ದವರನ್ನೇ ಹಿಂಬಾಲಿಸುವುದರಿಂದ ಹಿಂದುಳಿದ ಚಿಕ್ಕವರು ಪದೇ ಪದೇ ಭೂತವಾಗುತ್ತಾರೆ. ಕಿರೀಟ ನಿಧಾನವಾಗಿ ಆಡುವವರ ಬಳಿ ಇರುವುದು ಒಳ್ಳೆಯದು. ಮಾತನಾಡುವ ಹೂಗಳ ಗದ್ದಲ ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಅವುಗಳ ಇಂಗ್ಲಿಷ್ ಇಲ್ಲದೆಯೇ ಎಲ್ಲವನ್ನೂ ಅರ್ಥಮಾಡಿಕೊಂಡರು.

ಭಾರತದಲ್ಲಿ ಸ್ವಿಚ್‌ಗೆ ಅಧಿಕೃತ ಮಾರಾಟವಿಲ್ಲದ ಕಾರಣ ಗಲ್ಫ್‌ನಿಂದ ಬರುವವರಿಗೆ ಹೇಳುವುದೇ ನಮ್ಮ ಕಡೆ ಸುಲಭ. ಹೇಳುವಾಗ ಡೌನ್‌ಲೋಡ್ ಬೇಡ, ಕ್ಯಾಸೆಟನ್ನೇ ತನ್ನಿ ಎನ್ನಿ. ಹೊಸ ಸ್ವಿಚ್ 2ರಲ್ಲಿಯೂ ಅದು ನಡೆಯುತ್ತದೆ, ನೆರೆಮನೆಗೆ ಎರವಲು ಕೊಡಲೂ ಆಗುತ್ತದೆ. ಮೊದಲ ಸುತ್ತು ಮುಗಿದ ಮೇಲೆ ‘ಸ್ಪೆಷಲ್ ವರ್ಲ್ಡ್’ನ ಹಂತಗಳನ್ನು ಬಿಡಬೇಡಿ. ಅಲ್ಲಿನ ಕೊನೆಯ ಬ್ಯಾಡ್ಜ್ ಮ್ಯಾರಥಾನ್ ದಾಟಲು ಕಲಿತ ಎಲ್ಲ ಜಿಗಿತಗಳೂ ಬೇಕು, ತಾಳ್ಮೆಯೂ ಬೇಕು.