ಕೋರ್ಟ್ ಹತ್ರದ ಬೈಂಡಿಂಗ್ ಅಂಗಡಿ, ಅಲ್ಲಿ ಹಾರ್ಡ್ ಬೈಂಡ್ ಆದ ನ್ಯೂಯಾರ್ಕ್ ಜಡ್ಜ್ ಸಾಹೇಬ್ರು

ಕೆಲಸ ಚೆನ್ನಾಗಿದೆ, ಐದಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡ್ತೀನಿ, ಒಂದು ಯಾಕೆ ಕಟ್ ಆಯ್ತು ಅಂತ ಆಮೇಲೆ ಹೇಳ್ತೀನಿ. ತುಮಕೂರು ಕೋರ್ಟಿಂದ ನಡ್ಕೊಂಡೇ ಹೋಗಬಹುದಾದ ಜೆರಾಕ್ಸ್ ಅಂಗಡಿ ಇದು, ಹೆಸರು ಹಾಕಲ್ಲ, ಲಾ ಕಾಲೇಜ್ ಹುಡುಗರಿಗೆ ಗೊತ್ತಿರುತ್ತೆ. ನಾನು ಅಲ್ಲಿ ಮಾಡಿಸಿದ್ದು ಕಾಪಿರೈಟ್ ಎಲ್ಲ ಯಾವಾಗ್ಲೋ ಮುಗಿದಿರೋ ಒಂದು ಹಳೇ ಪುಸ್ತಕದ ಪಿಡಿಎಫ್. ಜೇಮ್ಸ್ ಕೆಂಟ್ ಅಂತ ನ್ಯೂಯಾರ್ಕ್ ರಾಜ್ಯದ ಜಡ್ಜ್ ಇದ್ರಲ್ಲ, ಅವರ ನೆನಪು, ಬರೆದ ಪತ್ರ ಎಲ್ಲ ಸೇರಿಸಿ ಮರಿಮಗ 1898ರಲ್ಲಿ ಹೊರಗೆ ತಂದಿದ್ದು. ಮೊಬೈಲ್‌ನಲ್ಲಿ ಓದಕ್ಕೆ ಹೋಗಿ ಕಣ್ಣು ಉರಿ ಬಂತು, ಅದಕ್ಕೆ ಪ್ರಿಂಟ್.

ಅಂಗಡಿ ನೋಡ್ಕೊಳ್ಳೋ ಅಕ್ಕ ಪೆನ್‌ಡ್ರೈವ್ ಹಾಕಿ ಪೇಜ್ ನೋಡ್ತಾ "ಏನ್ ಮೇಡಂ, ಎಕ್ಸಾಮಿಗಾ?" ಅಂದ್ರು. ಇಲ್ಲಕ್ಕ, ಸುಮ್ನೆ ಓದಕ್ಕೆ ಅಂದೆ. "ಸುಮ್ನೆ ಓದಕ್ಕೆ ಹಾರ್ಡ್ ಬೈಂಡಾ?" ಅಂತ ಒಂದು ನೋಟ ನೋಡಿದ್ರು ಅಷ್ಟೇ, ಆದ್ರೆ ಸ್ಪೈರಲ್ ಹಾಕ್ಸ್ಕೊಳ್ಳಿ ಕಮ್ಮಿ ಆಗುತ್ತೆ ಅಂತ ಅವರೇ ಹೇಳಿದ್ರು, ಜಾಸ್ತಿ ದುಡ್ಡಿನ ಕೆಲಸ ಬಿಟ್ಟು ಕಮ್ಮಿದು ಹೇಳೋ ಅಂಗಡಿಯವರು ಎಷ್ಟು ಜನ ಸಿಗ್ತಾರೆ ಈಗ. ನಾನು ಹಠಕ್ಕೆ ಬಿದ್ದು ಹಾರ್ಡ್ ಬೈಂಡೇ ಹಾಕ್ಸಿದೆ, ಕರಿ ರೆಕ್ಸಿನ್, ಮೇಲೆ ಗೋಲ್ಡನ್ ಅಕ್ಷರ. ಹಠಕ್ಕೆ ಕಾರಣ ಪುಸ್ತಕದಲ್ಲೇ ಇದೆ.

ಕೆಂಟ್ 1798ರಲ್ಲಿ ನ್ಯೂಯಾರ್ಕ್ ಸುಪ್ರೀಂ ಕೋರ್ಟಿಗೆ ಜಡ್ಜ್ ಆಗಿ ಬಂದಾಗ ಅಲ್ಲಿ ಲಾ ರಿಪೋರ್ಟ್ಸೇ (ತೀರ್ಪುಗಳನ್ನ ಅಚ್ಚು ಹಾಕಿದ ಪುಸ್ತಕ) ಇರಲಿಲ್ಲ, ತೀರ್ಪು ಬಾಯಲ್ಲಿ ಹೇಳಿ ಎದ್ದು ಹೋಗೋದು. ಯೋಚನೆ ಮಾಡಿ, ನಾಳೆ ನಮ್ಮ ಸೀನಿಯರ್ ಯಾವುದಾದ್ರೂ ಸೈಟೇಶನ್ (ಹಳೇ ತೀರ್ಪಿನ ಉಲ್ಲೇಖ) ಕೇಳಿದ್ರೆ ಎಲ್ಲಿಂದ ತರ್ತೀರಾ? ಈ ಮನುಷ್ಯ ಬಂದವರೇ ತೀರ್ಪು ಬರ್ಕೊಂಡು ತರಕ್ಕೆ ಶುರು ಮಾಡಿದ್ರು, ಅಧಾರಿಟಿ (ಯಾವ ಆಧಾರದ ಮೇಲೆ ಅಂತ) ಎಲ್ಲ ಹಾಕಿ, ಉಳಿದ ಜಡ್ಜ್‌ಗಳಿಗೂ ಬೇರೆ ದಾರಿ ಇಲ್ಲದೆ ಅದೇ ಅಭ್ಯಾಸ ಆಯ್ತು. ಇದರಲ್ಲಿ ಒಂದು ಕಿಲಾಡಿತನನೂ ಇದೆ. ಜೊತೆಗಿದ್ದ ಜಡ್ಜ್‌ಗಳು ಮುಂದೆ ಪ್ರೆಸಿಡೆಂಟ್ ಆದ ಜೆಫರ್ಸನ್ ಕಡೆಯವರು, ಫ್ರಾನ್ಸ್ ಅಂದ್ರೆ ಅವರಿಗೆ ಪ್ರೀತಿ. ಕೆಂಟ್ ಅವರ ವಿರೋಧಿ ಪಾರ್ಟಿ, ಆದ್ರೆ ಫ್ರೆಂಚ್ ಬರ್ತಿತ್ತು, ಹಾಗಾಗಿ ಫ್ರೆಂಚ್ ಲಾ, ರೋಮನ್ ಲಾ ಪುಸ್ತಕಗಳಿಂದ ಎತ್ತಿ ಎತ್ತಿ ಕೋಟ್ ಮಾಡಿ ಅವರ ಬಾಯಿ ಮುಚ್ಚಿಸ್ತಿದ್ರಂತೆ. ಇದನ್ನ ಬೇರೆಯವರು ಹೇಳಿದ್ದಲ್ಲ, 1828ರಲ್ಲಿ ಟೆನೆಸ್ಸಿಯ ಒಬ್ಬ ವಕೀಲರಿಗೆ ಬರೆದ ಪತ್ರದಲ್ಲಿ ತಾವೇ ಒಪ್ಕೊಂಡಿದ್ದಾರೆ! ಆ ಪತ್ರ ಒಂದಕ್ಕೇ ಪ್ರಿಂಟ್ ಖರ್ಚು ವಸೂಲಿ.

ಹುಟ್ಟಿದ್ದು 1763, ಯೇಲ್‌ನಲ್ಲಿ ಓದು. 1779ರಲ್ಲಿ ಬ್ರಿಟಿಷ್ ಸೈನ್ಯ ಬಂತು ಅಂತ ಕಾಲೇಜ್ ಚದುರಿ ಹೋಯ್ತು, ಹುಡುಗ ಹಳ್ಳಿ ಸೇರ್ಕೊಂಡ, ಅಲ್ಲಿ ಬ್ಲ್ಯಾಕ್‌ಸ್ಟನ್ ಬರೆದ ಇಂಗ್ಲೆಂಡ್ ಕಾನೂನಿನ ಪುಸ್ತಕದ ನಾಲ್ಕು ವಾಲ್ಯೂಮ್ ಕೈಗೆ ಸಿಕ್ತು, ಆಗಿನ್ನೂ 15 ವರ್ಷ, ಲಾಯರ್ ಆಗೋದು ಅಂತ ಅಲ್ಲೇ ಡಿಸೈಡ್. 1785ರಲ್ಲಿ ಪ್ರಾಕ್ಟೀಸಿಗೆ ಬಂದ್ರು, ಅದೇ ವರ್ಷ ಮದುವೆನೂ. ಬೆಳಗ್ಗೆ ಲ್ಯಾಟಿನ್, ಗ್ರೀಕ್, ಆಮೇಲೆ ಲಾ, ಮಧ್ಯಾಹ್ನ ಫ್ರೆಂಚ್ ಅಂತ ದಿನಾನ ಪಾಲು ಹಾಕಿ ಓದ್ತಿದ್ರಂತೆ, ಮೊದಮೊದಲು ಕಕ್ಷಿದಾರರು ಕಮ್ಮಿ ಇದ್ದಿರ್ಬೇಕು, ಇಲ್ಲಾಂದ್ರೆ ಟೈಮ್ ಎಲ್ಲಿಂದ. 1793ರಲ್ಲಿ ಕೊಲಂಬಿಯಾ ಕಾಲೇಜಿನ ಮೊದಲನೇ ಲಾ ಪ್ರೊಫೆಸರ್ ಮಾಡಿದ್ರು, ಕ್ಲಾಸಿಗೆ ಜನನೇ ಬರಲಿಲ್ಲ, ಮೊದಲನೇ ಸಲ ಒಂದಷ್ಟು ಜನ, ಆಮೇಲೆ ಬೆರಳೆಣಿಕೆ, ಕೊನೆಗೆ 1798ರಲ್ಲಿ ರಾಜೀನಾಮೆ.

ಈಗ ಆ ಒಂದು ಸ್ಟಾರ್ ವಿಷಯ. ಹೊಲಿಗೆ ಹಾಕುವಾಗ ಒಳಗಡೆ ಮಾರ್ಜಿನ್ ಬಿಟ್ಟಿಲ್ಲ, ಕೆಲವು ಕಡೆ ಸಾಲಿನ ಕೊನೆ ಅಕ್ಷರಗಳು ಹೊಲಿಗೆ ಒಳಗೆ ಹೋಗ್ಬಿಟ್ಟಿವೆ, ಪುಸ್ತಕನ ಎರಡೂ ಕಡೆ ಎಳೆದು ಹಿಡ್ಕೊಂಡು ಬಗ್ಗಿ ನೋಡಿದ್ರೆ ಮಾತ್ರ ಕಾಣುತ್ತೆ. ಅದೂ ಎಲ್ಲಿ ಅಂತೀರಾ, ಅಮೆರಿಕದ ಮೊದಲ ಹಣಕಾಸು ಮಂತ್ರಿ, ದೊಡ್ಡ ವಕೀಲ ಹ್ಯಾಮಿಲ್ಟನ್ ಬಗ್ಗೆ ಕೆಂಟ್ ಬರೆದಿರೋ ಭಾಗದಲ್ಲೇ. ಹೊಟ್ಟೆ ಉರಿಯಿತು. ಯಾಕಂದ್ರೆ ಆ ಹ್ಯಾಮಿಲ್ಟನ್ ಕೆಂಟ್ ಮುಂದೆ ವಾದ ಮಾಡಿದ ಕ್ರಾಸ್‌ವೆಲ್ ಕೇಸು ನಮಗೂ ಹತ್ತಿರದ್ದು. ಪ್ರೆಸಿಡೆಂಟ್ ಜೆಫರ್ಸನ್ ದುಡ್ಡು ಕೊಟ್ಟು ವಾಷಿಂಗ್ಟನ್ ವಿರುದ್ಧ ಬರೆಸಿದ್ರು ಅಂತ ಈ ಕ್ರಾಸ್‌ವೆಲ್ ಅನ್ನೋ ಪತ್ರಕರ್ತ ಬರೆದ, ಕ್ರಿಮಿನಲ್ ಮಾನನಷ್ಟ ಕೇಸ್ ಬಿತ್ತು, ಬರೆದಿದ್ದು ನಿಜ ಅಂತ ಸಾಬೀತು ಮಾಡಕ್ಕೆ ಅವಕಾಶನೇ ಕೊಡಲಿಲ್ಲ. 1804ರಲ್ಲಿ ಮೇಲಿನ ಕೋರ್ಟಲ್ಲಿ ಹ್ಯಾಮಿಲ್ಟನ್ ವಾದ, ಒಳ್ಳೇ ಉದ್ದೇಶದಿಂದ ನಿಜ ಬರೆದ್ರೆ ಅದು ಡಿಫೆನ್ಸ್ ಆಗ್ಬೇಕು ಅಂತ. ಕೆಂಟ್ ಒಪ್ಪಿದ್ರು, ಆದ್ರೆ ಬೆಂಚ್ ಇಬ್ಬರು ಈ ಕಡೆ ಇಬ್ಬರು ಆ ಕಡೆ, ಕೇಸ್ ಗೆಲ್ಲಲಿಲ್ಲ. ಮುಂದಿನ ವರ್ಷ ನ್ಯೂಯಾರ್ಕ್ ಶಾಸಕಾಂಗ ಅದನ್ನೇ ಕಾನೂನು ಮಾಡ್ತು, ಅಷ್ಟರಲ್ಲಿ ಹ್ಯಾಮಿಲ್ಟನ್ ಪಿಸ್ತೂಲಿನ ಡ್ಯುಯಲ್‌ನಲ್ಲಿ ಸತ್ತಿದ್ರು. ನಮ್ಮ ಹಳೇ ಐಪಿಸಿಯ (ಭಾರತೀಯ ದಂಡ ಸಂಹಿತೆ) ಮಾನನಷ್ಟದ ಸೆಕ್ಷನ್ 499, 2024ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 356, ಅದರ ಮೊದಲನೇ ಎಕ್ಸೆಪ್ಷನ್ ಓದಿ ನೋಡಿ, ನಿಜ ಇರಬೇಕು ಜೊತೆಗೆ ಸಾರ್ವಜನಿಕ ಹಿತನೂ ಇರಬೇಕು, ಸುಮಾರಾಗಿ ಅದೇ ಧಾಟಿ.

ಅಕ್ಕಂಗೆ ತೋರಿಸಿದ್ರೆ ತಪ್ಪು ಒಪ್ಕೊಂಡು ಆ ಪೇಜುಗಳನ್ನ ಮತ್ತೆ ಪ್ರಿಂಟ್ ತೆಗೆದು ದುಡ್ಡು ತಗೊಳ್ದೆ ಕೊಟ್ರು, ಕವರಿನ ಒಳಗೆ ಇಟ್ಕೊಂಡಿದ್ದೀನಿ. ಪೂರ್ತಿ ಬಿಚ್ಚಿ ಮತ್ತೆ ಹೊಲಿಸಿ ಅಂತ ಕೇಳೋ ಮನಸ್ಸಾಗಲಿಲ್ಲ.

ಪುಸ್ತಕದ ಬಗ್ಗೆ ಒಂದು ಎಚ್ಚರಿಕೆ. ಮನೆಯವರೇ ತಂದಿದ್ದು ಅಂದ್ಮೇಲೆ ಪ್ರೀತಿ ಜಾಸ್ತಿ ಇರುತ್ತೆ, ಬೇರೆ ಕಡೆನೂ ಓದ್ಕೊಳ್ಳಿ. 1811ರ ರಗಲ್ಸ್ ಕೇಸಲ್ಲಿ ಏಸು ಬಗ್ಗೆ ಕೆಟ್ಟದಾಗಿ ಮಾತಾಡಿದ ಅಂತ ಒಬ್ಬನಿಗೆ ಕೊಟ್ಟಿದ್ದ ಮೂರು ತಿಂಗಳು ಜೈಲು, 500 ಡಾಲರ್ ದಂಡನ ಎತ್ತಿ ಹಿಡಿದಿದ್ದು ಇದೇ ಕೆಂಟ್. 1821ರಲ್ಲಿ ರಾಜ್ಯದ ಸಂವಿಧಾನ ತಿದ್ದುವಾಗ ಆಸ್ತಿ ಇಲ್ಲದವರಿಗೆ ಸೆನೆಟ್ ಓಟು ಬೇಡ ಅಂತ ಎದ್ದು ನಿಂತು ಭಾಷಣ ಮಾಡಿದ್ರು, ಸೋತ್ರು, ನನ್ನ ಕೇಳಿದ್ರೆ ಸೋತಿದ್ದೇ ಸರಿ. ಸ್ಟೀಮ್‌ಬೋಟ್ ಕೇಸಲ್ಲೂ ಅಷ್ಟೇ, ನಮ್ಮ ಬಸ್ಸಿನ ರೂಟ್ ಪರ್ಮಿಟ್ ತರ ಒಂದೇ ಗುಂಪಿಗೆ ಬೋಟ್ ಓಡಿಸೋ ಹಕ್ಕು ಕೊಟ್ಟಿದ್ರು, ಕೆಂಟ್ ಅದನ್ನ ಕಾಪಾಡಿ ಪೈಪೋಟಿಗೆ ಬೋಟ್ ಓಡಿಸ್ತಿದ್ದ ಗಿಬ್ಬನ್ಸ್ ಮೇಲೆ ಇಂಜಂಕ್ಷನ್ (ತಡೆ ಆದೇಶ) ಕೊಟ್ರು, 1824ರಲ್ಲಿ ಅಮೆರಿಕ ಸುಪ್ರೀಂ ಕೋರ್ಟಲ್ಲಿ ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ಆ ಹಕ್ಕನ್ನ ಹೊಡೆದು ಹಾಕಿದ್ರು.

ಆದ್ರೂ 1814ರಿಂದ ಚಾನ್ಸಲರ್ (ಇಕ್ವಿಟಿ ಕೋರ್ಟಿನ ಜಡ್ಜ್) ಆಗಿದ್ದ ಕಾಲ ಓದಿದ್ರೆ ಮನುಷ್ಯನ ಮೇಲೆ ಗೌರವ ಬರುತ್ತೆ. ಇಕ್ವಿಟಿ ಕೋರ್ಟು ಅಂದ್ರೆ ಬರೀ ಕಾನೂನಿನ ಅಕ್ಷರ ನೋಡದೆ ನ್ಯಾಯ ಯಾವುದು ಅಂತ ನೋಡೋ ಕೋರ್ಟು, ಹಿಂದಿನ ಇಬ್ಬರು ಚಾನ್ಸಲರ್‌ಗಳ ಒಂದೇ ಒಂದು ತೀರ್ಪನ್ನೂ ಒಂಬತ್ತು ವರ್ಷದಲ್ಲಿ ಯಾರೂ ತನ್ನ ಮುಂದೆ ಸೈಟ್ ಮಾಡಲಿಲ್ಲ ಅಂತ ಬರೀತಾರೆ, ಬರೆದಿಟ್ಟಿದ್ರೆ ತಾನೇ ಸೈಟ್ ಮಾಡಕ್ಕೆ. ಇವರ ತೀರ್ಪುಗಳನ್ನ ಜಾನ್ಸನ್ ಅನ್ನೋ ರಿಪೋರ್ಟರ್ ಏಳು ವಾಲ್ಯೂಮ್ ಮಾಡಿದ್ರು. 1823ಕ್ಕೆ 60 ತುಂಬಿತು, ಆಗಿನ ರೂಲ್ ಪ್ರಕಾರ ಮನೆಗೆ ಕಳಿಸಿದ್ರು, ನಮ್ಮಲ್ಲಿ ಹೈಕೋರ್ಟ್ ಜಡ್ಜ್‌ಗೆ 62 ಆದ್ರೂ ಇದೆ. ಅವರು ಸುಮ್ನೆ ಕೂರಲಿಲ್ಲ, ಮತ್ತೆ ಕೊಲಂಬಿಯಾಗೆ ಹೋಗಿ ಪಾಠ ಮಾಡಿದ್ರು, ಅದೇ ನೋಟ್ಸ್ 1826ರಿಂದ 1830ರೊಳಗೆ ನಾಲ್ಕು ವಾಲ್ಯೂಮ್ ಅಮೆರಿಕನ್ ಲಾ ಕಾಮೆಂಟರೀಸ್ ಆಯ್ತು. ತೀರಿಕೊಂಡಿದ್ದು 1847ರಲ್ಲಿ, 1873ರ ಹನ್ನೆರಡನೇ ಎಡಿಷನ್ ಎಡಿಟ್ ಮಾಡಿದ್ದು ಮುಂದೆ ಅಮೆರಿಕ ಸುಪ್ರೀಂ ಕೋರ್ಟ್ ಜಡ್ಜ್ ಆದ ಹೋಮ್ಸ್, ನಾವೆಲ್ಲ ಜ್ಯೂರಿಸ್ಪ್ರುಡೆನ್ಸ್ (ಕಾನೂನು ತತ್ವ) ಪೇಪರಿಗೆ ಓದೋ ಅದೇ ಹೋಮ್ಸ್. ಇಂಥವರನ್ನ ಸ್ಪೈರಲ್‌ನಲ್ಲಿ ಇಡಕ್ಕಾಗುತ್ತಾ ಹೇಳಿ!

ಹೋಗೋರಿಗೆ: ಡಬಲ್ ಸೈಡ್ ಹೇಳಿ, ರೇಟ್ ಮೊದಲೇ ಮಾತಾಡ್ಕೊಳ್ಳಿ, ಒಳಗಡೆ ಮಾರ್ಜಿನ್ ಜಾಸ್ತಿ ಬಿಡಿ ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಚೀಟಿ ಬರೆದು ಅಂಟಿಸಿ. ಕಾಲೇಜ್ ಪ್ರಾಜೆಕ್ಟ್ ಸಬ್‌ಮಿಷನ್ ಟೈಮಲ್ಲಿ ಹೋಗ್ಬೇಡಿ, ಕಾಲಿಡಕ್ಕೆ ಜಾಗ ಇರಲ್ಲ. ಹಾರ್ಡ್ ಬೈಂಡ್ ಗಮ್ ಒಣಗಕ್ಕೆ ಟೈಮ್ ಬೇಕು, ಸಂಜೆ ಕೊಟ್ರೆ ಮಾರನೇ ದಿನ ಸಿಗುತ್ತೆ. ಫೋನ್‌ಪೇ ತಗೋತಾರೆ.